ಮೊಣಕಾಲು ನೋವಿಗೆ ಸೊಂಟದ ಎಕ್ಸ್‌ರೇ ಯಾಕೆ?

ನೀವು ಕೇಳಿದ್ದು ಇಷ್ಟು: ಅಪ್ಪನಿಗೆ 64 ವರ್ಷ, ಆರು ತಿಂಗಳಿಂದ ಬಲ ಮೊಣಕಾಲು ನೋವು, ಮೊಣಕಾಲಿನ ಎಕ್ಸ್‌ರೇಯಲ್ಲಿ ಏನೂ ಇಲ್ಲ. ಈಗ ಕುಮಟಾದ ಡಾಕ್ಟರು ಸೊಂಟದ ಎಕ್ಸ್‌ರೇ ತೆಗೆಸಿ ಅಂದಿದ್ದಾರೆ. ಸುಮ್ನೆ ದುಡ್ಡಿಗೆ ದಂಡವೋ ಏನೋ ಅಂತ ನಿಮಗೆ ಅನುಮಾನ.

ದಂಡ ಅಲ್ಲ, ತೆಗೆಸಿ. ನಾನು ಶಿರಸಿಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಇಂಥವರನ್ನು ಬಹಳ ಜನರನ್ನು ನೋಡಿದ್ದೇನೆ, ನಮ್ಮ ಮನೆಯಲ್ಲೇ ನೋಡಿದ್ದೇನೆ.

ಅರ್ಧ ಗೊಂದಲ ಈ 'ಸೊಂಟ' ಅನ್ನುವ ಮಾತಿನದ್ದು. ಪಂಚೆ ಕಟ್ಟುವ ಜಾಗವೂ ಸೊಂಟ, ಬೆನ್ನಿನ ಬುಡವೂ ಸೊಂಟ, ಡಾಕ್ಟರು ಹಿಪ್ ಅಂದರೆ ಅದೂ ಸೊಂಟ. ಸೊಂಟದ ಮೇಲೆ ಕೈ ಇಟ್ಟು ನಿಂತಾಗ ಕೈಗೆ ಸಿಗುವ ಮೂಳೆ ಇದೆಯಲ್ವಾ, ಅದು ಚಪ್ಪೆ ಮೂಳೆಯ ಮೇಲಿನ ಅಂಚು ಅಷ್ಟೇ. ಡಾಕ್ಟರು ಹೇಳುವ ಹಿಪ್ ಕೀಲು, ಅಂದರೆ ತೊಡೆಕೀಲು, ಅಲ್ಲಿಲ್ಲ. ತೊಡೆಯ ಹೊರಬದಿಯಲ್ಲಿ, ಮಗ್ಗುಲಾಗಿ ಮಲಗಿದರೆ ಹಾಸಿಗೆಗೆ ಒತ್ತುವ ಗಟ್ಟಿ ಉಬ್ಬು ಸಿಗುತ್ತದೆ, ಅದೂ ಕೀಲಲ್ಲ. ಕೀಲು ಇರುವುದು ಮುಂದುಗಡೆ, ತೊಡೆಸಂದಿಯ ಆಳದಲ್ಲಿ. ತೊಡೆಸಂದಿಯ ಗೆರೆಯ ನಡುವೆ ಬೆರಳಿಟ್ಟು ಸ್ವಲ್ಪ ಒತ್ತಿ ನೋಡಿ, ನಾಡಿ ಹೊಡೆದುಕೊಳ್ಳುವುದು ಗೊತ್ತಾಗುತ್ತದೆ. ಆ ರಕ್ತನಾಳದ ಹಿಂದೆಯೇ ತೊಡೆ ಮೂಳೆಯ ಗುಂಡು ಕೂತಿದೆ.

ತೊಡೆ ಮೂಳೆ ಮೈಯಲ್ಲೇ ಉದ್ದದ್ದು, ಹೆಚ್ಚುಕಡಿಮೆ ನಮ್ಮ ಎತ್ತರದ ಕಾಲು ಭಾಗ. ಅದು ನೆಟ್ಟಗೆ ಮೇಲೆ ಹೋಗಿ ಸೊಂಟಕ್ಕೆ ಸೇರುವುದಿಲ್ಲ. ತುದಿಯಲ್ಲಿ ಒಳಗಡೆ ಬಾಗಿ ಒಂದು ಕುತ್ತಿಗೆ, ಕುತ್ತಿಗೆಯ ತುದಿಗೆ ಗುಂಡು. ದೊಡ್ಡವರಲ್ಲಿ ಆ ಬಾಗು ಸುಮಾರು 125ರಿಂದ 130 ಡಿಗ್ರಿ. ಗುಂಡು ಕೂರುವ ಬಟ್ಟಲು ಮೂರು ಮೂಳೆ ಸೇರಿ ಆದದ್ದು, ಹರೆಯ ಬರುವ ಹೊತ್ತಿಗೆ ಮೂರೂ ಬೆಸೆದು ಒಂದಾಗುತ್ತವೆ. ಗುಂಡಿಗೂ ಬಟ್ಟಲಿಗೂ ನಯವಾದ ಮೆದು ಮೂಳೆಯ ಹೊದಿಕೆ. ಅದು ಸವೆದರೆ ಕೀಲು ಬಿಗಿಯಾಗುತ್ತದೆ, ನೋಯುತ್ತದೆ.

ಆ ನೋವು ಮೊಣಕಾಲಿಗೆ ಹೇಗೆ ಬಂತು? ಬೆನ್ನಿನ ಕೆಳಗಿಂದ ಆಬ್ಟುರೇಟರ್ ಅನ್ನುವ ಒಂದು ನರ ಹೊರಟು, ಚಪ್ಪೆ ಮೂಳೆಯ ಒಂದು ಕಿಂಡಿ ತೂರಿ, ತೊಡೆಯ ಒಳಬದಿಗೆ ಇಳಿಯುತ್ತದೆ. ಇಳಿಯುವಾಗ ತೊಡೆಕೀಲಿಗೂ ಕವಲು ಕೊಡುತ್ತದೆ, ಮೊಣಕಾಲಿಗೂ ಕೊಡುತ್ತದೆ. ತೊಡೆಯ ಮುಂದಿನ ದೊಡ್ಡ ನರವೂ ಹಾಗೇ, ಎರಡು ಕಡೆಗೂ ಹೋಗುತ್ತದೆ. ಕೂಗಿದ್ದು ಮೇಲಿನ ಕೀಲು, ಮಿದುಳಿಗೆ ಕೇಳಿಸಿದ್ದು ಕೆಳಗಿನಿಂದ. ಕೆಲವರಿಗೆ ತೊಡೆಸಂದಿಯಲ್ಲಿ ಚೂರೂ ನೋವಿಲ್ಲದೆ ಬರೀ ಮೊಣಕಾಲೇ ನೋಯುತ್ತದೆ.

ಸಿದ್ದಾಪುರ ಕಡೆಯ ಒಬ್ಬ ಕೊನೆಗೌಡರು ಬಂದಿದ್ದರು. ಮೂವತ್ತು ವರ್ಷ ಅಡಿಕೆ ಮರ ಹತ್ತಿದವರು. ಮೊಣಕಾಲಿಗೆ ಬೆಲ್ಟ್ ಕಟ್ಟಿಕೊಂಡೇ ಬಂದರು, ಎಣ್ಣೆ ತಿಕ್ಕಿ ತಿಕ್ಕಿ ಚರ್ಮ ಮಿರಮಿರ ಹೊಳೆಯುತ್ತಿತ್ತು. ಅಂಗಾತ ಮಲಗಿಸಿ, ಮೊಣಕಾಲು ಮಡಿಸಿ ತೊಡೆಯನ್ನು ಮೇಲೆತ್ತಿ, ಪಾದವನ್ನು ಮೆಲ್ಲಗೆ ಹೊರಗಡೆ ತಿರುಗಿಸಿದೆ. ಹಾಗೆ ಮಾಡಿದರೆ ತೊಡೆ ಮೂಳೆ ಬಟ್ಟಲಿನಲ್ಲಿ ಒಳಗಡೆ ತಿರುಗುತ್ತದೆ. ಎಡಗಾಲು ಸಲೀಸಾಗಿ ಬಂತು. ಬಲಗಾಲು ಎರಡು ಬೆರಳಷ್ಟು ಬಂದು ನಿಂತೇಬಿಟ್ಟಿತು. "ಅಲ್ಲೇ, ಅಲ್ಲೇ, ಅದೇ ನೋವು" ಅಂತ ಅವರು ಹಿಡಿದುಕೊಂಡಿದ್ದು ಮೊಣಕಾಲನ್ನು. ಮೊಣಕಾಲನ್ನಷ್ಟೇ ಆಡಿಸಿದರೆ ಏನೂ ನೋವಿರಲಿಲ್ಲ. ಎಕ್ಸ್‌ರೇ ತೆಗೆಸಿದರೆ ತೊಡೆಕೀಲಿನ ಸಂದು ಪೂರ್ತಿ ಮುಚ್ಚಿಹೋಗಿತ್ತು.

ನಮ್ಮ ಆಯಿಗೂ ಹೀಗೇ ಆಗಿತ್ತು, ನಾನು ಈ ಕೆಲಸ ಕಲಿಯುವ ಮೊದಲು. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯಲು ಕೂತರೆ ಏಳಲಾರಳು. ಒಂದು ಕಡೆ ತೋರಿಸಿದೆವು, ಅವರು ಒಂದು ವರ್ಷ ಮೊಣಕಾಲಿಗೇ ಇಂಜೆಕ್ಷನ್ ಕೊಟ್ಟರು, ಮೇಲಿನ ಕೀಲನ್ನು ಒಮ್ಮೆಯೂ ತಿರುಗಿಸಿ ನೋಡಲಿಲ್ಲ. ಆ ಒಂದು ವರ್ಷ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮನೆಯಲ್ಲಿ ನೀವೇ ನೋಡಬಹುದು. ಅಪ್ಪನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೊಣಕಾಲು ಅಲುಗದ ಹಾಗೆ ಪಾದ ಮಾತ್ರ ಹೊರಗಡೆ ಚಾಚಲು ಹೇಳಿ, ಎರಡೂ ಕಾಲು ಹೋಲಿಸಿ. ಜೋರು ಮಾಡಬೇಡಿ. ಬಲಗಾಲು ಕಡಿಮೆ ಹೋದರೆ ತೊಡೆಕೀಲಿನ ಮೇಲೆ ಅನುಮಾನ ಗಟ್ಟಿ, ಯಾಕೆಂದರೆ ಸವೆತದಲ್ಲಿ ಸಾಮಾನ್ಯವಾಗಿ ಮೊದಲು ಕಮ್ಮಿಯಾಗುವುದು ಈ ತಿರುಗೇ. ಕಾಲಿನ ಉಗುರು ತೆಗೆಯಲು ಕಷ್ಟವಾ, ಚಕ್ಕಳಮಕ್ಕಳ ಹಾಕಿದರೆ ಒಂದು ಮಂಡಿ ಮೇಲೇ ನಿಲ್ಲುತ್ತದಾ, ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮೈ ಎಳೆದುಕೊಳ್ಳುತ್ತಾರಾ, ಇವನ್ನೂ ನೋಡಿ ಡಾಕ್ಟರಿಗೆ ಹೇಳಿ. ಎಕ್ಸ್‌ರೇ ಎರಡೂ ಕಡೆಯ ಕೀಲು ಒಟ್ಟಿಗೆ ಕಾಣುವಂಥದ್ದು ಇದ್ದರೆ ಹೋಲಿಸಲು ಸುಲಭ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಹತ್ತು ಹನ್ನೆರಡರ ಮಗು ಮೊಣಕಾಲು ನೋವು ಅಂತ ಕುಂಟಿದರೆ ತೊಡೆಕೀಲನ್ನು ನೋಡಿಸಲೇಬೇಕು. ಆ ವಯಸ್ಸಿನಲ್ಲಿ ಮೂಳೆಯ ಗುಂಡು ಕುತ್ತಿಗೆಯಿಂದ ಜಾರುವುದುಂಟು, ತಡ ಮಾಡುವಂತಿಲ್ಲ. ವಯಸ್ಸಾದವರು ಬಿದ್ದು, ಕಾಲು ಗಿಡ್ಡವಾಗಿ ಪಾದ ಹೊರಗೆ ವಾಲಿದ್ದರೆ ಎಬ್ಬಿಸಿ ನಡೆಸಬೇಡಿ. ತೊಡೆ ಮೂಳೆಯ ಕುತ್ತಿಗೆ ಮುರಿದಿರಬಹುದು. ಮೂಳೆಯ ಗುಂಡಿಗೆ ರಕ್ತ ಬಹುಪಾಲು ಆ ಕುತ್ತಿಗೆಯ ಗುಂಟವೇ ಹೋಗುವುದು, ಅಲುಗಾಡಿಸಿದರೆ ಅದೂ ಕಡಿದುಹೋಗಬಹುದು.

ಎಕ್ಸ್‌ರೇ ಬರುವ ತನಕ ಅಪ್ಪನಿಗೆ ಒಂದು ಕೋಲು ಕೊಡಿ, ಎಡಗೈಗೆ. ಎಲ್ಲರೂ ನೋಯುವ ಕಡೆಗೇ ಹಿಡಿಯುತ್ತಾರೆ, ಅದು ತಪ್ಪು. ಬಲಗಾಲಿನ ಮೇಲೆ ನಿಂತಾಗ ಮೈಭಾರವೆಲ್ಲ ಎಡಕ್ಕೆ ಜಗ್ಗುತ್ತದೆ. ಅದು ವಾಲದಂತೆ ಬಲ ಕುಂಡಿಯ ಬದಿಯ ಸ್ನಾಯು ಎಳೆದು ಹಿಡಿಯಬೇಕು. ತಕ್ಕಡಿಯಲ್ಲಿ ಒಂದು ತೋಳು ಗಿಡ್ಡ ಇದ್ದಂತೆ, ಸ್ನಾಯು ಕೀಲಿಗೆ ತೀರಾ ಹತ್ತಿರ ಇರುವುದರಿಂದ ಭಾರಕ್ಕಿಂತ ಜಾಸ್ತಿ ಎಳೆಯಬೇಕಾಗುತ್ತದೆ. ಎರಡೂ ಸೇರಿ, ನಡೆಯುವಾಗ ಕೀಲಿನ ಮೇಲೆ ಮೈತೂಕದ ಎರಡೂವರೆ ಪಟ್ಟಿನಷ್ಟು ಒತ್ತಡ. 60 ಕಿಲೋ ಮನುಷ್ಯನಿಗೆ 150 ಕಿಲೋ. ಎಡಗೈಯ ಕೋಲು ಆ ಜಗ್ಗುವ ಭಾರವನ್ನು ಎಡಗಡೆಯಲ್ಲೇ ಹೊತ್ತುಕೊಳ್ಳುತ್ತದೆ. ಕೋಲೂ ಬಲಗಾಲೂ ಒಟ್ಟಿಗೆ ಮುಂದೆ ಹೋಗಲಿ. ಎರಡು ದಿನ ಅಂಗಳದಲ್ಲಿ ನೀವೇ ಜೊತೆಗೆ ನಡೆದು ಅಭ್ಯಾಸ ಮಾಡಿಸಿ. ಎಕ್ಸ್‌ರೇ ಬಂದ ಮೇಲೆ ಡಾಕ್ಟರು ಏನಂದರು ಅಂತ ಇಲ್ಲೇ ಬರೆಯಿರಿ, ಯಾವ ವ್ಯಾಯಾಮ ಮಾಡಿಸಬಹುದು ಅಂತ ಹೇಳುತ್ತೇನೆ.