ಸುತ್ತಮುತ್ತಲ ಊರಿನ ಹುಡುಗರು ಫ್ಯಾಕ್ಟರಿಯಲ್ಲಿ ನಿಲ್ಲುತ್ತಿಲ್ಲ, ಏನು ಮಾಡಲಿ?

ತುಮಕೂರು ಹತ್ತಿರದ ವಸಂತನರಸಾಪುರದಲ್ಲಿ ಹೊಸದಾಗಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕತ್ತರಿಸುವ ಮೆಷಿನ್) ಯೂನಿಟ್ ಹಾಕಿದ್ದೀರಿ, ಅಕ್ಕಪಕ್ಕದ ಹಳ್ಳಿ ಹುಡುಗರು ಸೇರಿದ ಸ್ವಲ್ಪ ದಿನಕ್ಕೇ ಬಿಟ್ಟು ಹೋಗುತ್ತಾರೆ, ಹೊರಗಿನವರನ್ನೇ ಕರೆಸಲಾ ಅಂತ ಕೇಳಿದ್ದೀರಿ. ಬೇಡ ಸರ್. ನಾನು ಪೀಣ್ಯದಲ್ಲಿ ಆಪರೇಟರ್ ಆಗಿ ಶುರು ಮಾಡಿದವನು, ಈಗ ಹೊಸಬರಿಗೆ ಕೆಲಸ ಕಲಿಸುವುದೇ ನನ್ನ ಕೆಲಸ. ಕಷ್ಟಕ್ಕೆ ಹೆದರಿ ಓಡುವ ಹುಡುಗರು ಕಡಿಮೆ. ಇಲ್ಲೇ ಇದ್ದರೆ ಮುಂದಿನ ವರ್ಷ ಏನಾಗುತ್ತೇನೆ ಅನ್ನುವುದು ಗೊತ್ತಾಗದೆ ಹೋಗುವವರೇ ಜಾಸ್ತಿ.

ಮೊದಲ ದಿನ ಏನಾಗುತ್ತದೆ ನೋಡಿ. ಹುಡುಗನನ್ನು ಸೀನಿಯರ್ ಪಕ್ಕ ನಿಲ್ಲಿಸಿ "ನೋಡ್ಕೊಂಡು ಕಲಿ" ಅಂತ ಹೇಳಿ ಸೂಪರ್‌ವೈಸರ್ ಹೋಗಿಬಿಡುತ್ತಾರೆ. ಆ ಸೀನಿಯರ್‌ಗೆ ಅವನದೇ ಟಾರ್ಗೆಟ್ ಇರುತ್ತದೆ, ಕಲಿಸುತ್ತಾ ನಿಂತರೆ ಪೀಸ್ ಕಡಿಮೆ ಬೀಳುತ್ತದೆ, ಬೈಗುಳ ಅವನಿಗೇ ಅಲ್ವಾ? ಹಾಗಾಗಿ ಹುಡುಗನಿಗೆ ಸಿಗುವುದು ಜಾಬ್, ಅಂದರೆ ಕತ್ತರಿಸುವ ಲೋಹದ ಪೀಸ್, ಮೆಷಿನ್‌ಗೆ ಹಾಕುವುದು, ತೆಗೆಯುವುದು, ಚಿಪ್ಸ್ (ಲೋಹದ ಚೂರು) ಗುಡಿಸುವುದು. ನಿಮ್ಮಲ್ಲಿರುವ ಒಳ್ಳೆ ಆಪರೇಟರ್ ಒಬ್ಬನನ್ನು ಆರಿಸಿ, ಕಲಿಸುವ ದಿನಗಳಲ್ಲಿ ಅವನ ಟಾರ್ಗೆಟ್ ಇಳಿಸಿ, ಅದಕ್ಕೆ ಬೇರೆ ಭತ್ಯೆ ಕೊಡಿ. ನಿಜವಾದ ಖರ್ಚು ಇಷ್ಟೇ.

ಕಲಿಸುವ ಕ್ರಮಕ್ಕೆ ಹೊಸದೇನೂ ಹುಡುಕಬೇಕಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಫ್ಯಾಕ್ಟರಿಗಳಿಗೆ ಅಂತ ಮಾಡಿದ ನಾಲ್ಕು ಹೆಜ್ಜೆ ಇವೆ, ಆಮೇಲೆ ಟೊಯೋಟಾದವರೂ ಅದನ್ನೇ ಹಿಡಿದರು: ಹುಡುಗನ ಭಯ ಬಿಡಿಸು, ಮಾಡಿ ತೋರಿಸು, ಅವನಿಂದ ಮಾಡಿಸು, ಆಮೇಲೂ ಆಗಾಗ ಬಂದು ನೋಡು. ಮೂರನೆಯದರಲ್ಲೇ ಎಲ್ಲಾ ಇರುವುದು. ಆಫ್‌ಸೆಟ್ ಅಂದರೆ ಅಳತೆ ತಪ್ಪಿದಾಗ ಟೂಲ್ ಸರಿಸಲು ಮೆಷಿನ್‌ಗೆ ಹೊಡೆಯುವ ತಿದ್ದುಪಡಿ ಅಂಕಿ. ಐಟಿಐ ಪಾಸಾದವನಿಗೆ "ಆಫ್‌ಸೆಟ್ ಅರ್ಥ ಆಯ್ತಾ?" ಅಂದರೆ ಆಯ್ತು ಅಂತಲೇ ತಲೆ ಆಡಿಸುತ್ತಾನೆ. ಹಾಗೆ ಕೇಳಬೇಡಿ. ಜಾಬ್ ಕೈಗೆ ಕೊಟ್ಟು, ಹೊರಗಿನ ಡಯಾ (ವ್ಯಾಸ) 0.04 ಮಿ.ಮೀ. ಜಾಸ್ತಿ ಬಂದಿದೆ, ಈಗ ಏನು ಹೊಡೀತೀಯ, ಯಾಕೆ, ಅಂತ ಅವನ ಬಾಯಲ್ಲೇ ಹೇಳಿಸಿ. ಮೈನಸ್ 0.04 ಅನ್ನಬೇಕು. ಪ್ಲಸ್ ಹೊಡೆದರೆ ಮುಂದಿನ ಜಾಬ್ 0.08 ದಪ್ಪ ಬರುತ್ತದೆ, ಅದನ್ನು ಇನ್ನೊಮ್ಮೆ ಓಡಿಸಿ ಸರಿ ಮಾಡಬಹುದು, ಸಣ್ಣ ಆಗಿಬಿಟ್ಟರೆ ಸ್ಕ್ರ್ಯಾಪ್. ಇದನ್ನು ಅವನು ಕನ್ನಡದಲ್ಲಿ, ತನ್ನದೇ ಮಾತಲ್ಲಿ ಹೇಳಿದ ಮೇಲೆ ಮಾತ್ರ ಮೆಷಿನ್ ಬಿಟ್ಟುಕೊಡಿ. ಅಳತೆ ನೋಡುವ ವರ್ನಿಯರ್ ಹಿಡಿಯುವುದೂ ಅಷ್ಟೇ, ಮೊದಲು ಜೀರೋ ನೋಡಬೇಕು, ದವಡೆ ಒರೆಸಬೇಕು, ಯಾಕೆ ಅಂತ ಹೇಳಿಕೊಡದಿದ್ದರೆ ನೈಟ್ ಶಿಫ್ಟ್‌ನಲ್ಲಿ ಯಾರೂ ಒರೆಸುವುದಿಲ್ಲ.

ಆಮೇಲೆ ಗೋಡೆ ಮೇಲೆ ಒಂದು ಚಾರ್ಟ್ ಹಾಕಿ. ಲೋಡಿಂಗ್, ಅಳತೆ, ಟೂಲ್ ಬದಲಿಸುವುದು, ಸೆಟ್ಟಿಂಗ್ (ಹೊಸ ಜಾಬ್‌ಗೆ ಮೆಷಿನ್ ಸಜ್ಜು ಮಾಡುವುದು). ಒಂದೊಂದು ಮೆಟ್ಟಿಲಿಗೂ ಸಂಬಳ ಎಷ್ಟು ಏರುತ್ತದೆ ಅಂತ ಅಲ್ಲೇ ಬರೆದಿರಲಿ.

ಅಪ್ರೆಂಟಿಸ್ ತಗೊಳ್ಳಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಅಥವಾ ಜಾಸ್ತಿ ಜನ ಇದ್ದರೆ ಒಟ್ಟು ಕೆಲಸಗಾರರ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು, ಸ್ಟೈಪೆಂಡ್‌ನಲ್ಲಿ ಒಂದು ಪಾಲು ಕೇಂದ್ರ ಸರ್ಕಾರವೂ ಕೊಡುತ್ತದೆ. ಆದರೆ ಕಡಿಮೆ ದುಡ್ಡಿನ ಕೂಲಿ ಅಂತ ವರ್ಷ ದುಡಿಸಿಕೊಂಡು ಕಳಿಸಬೇಡಿ. ಆ ಸುದ್ದಿ ಊರೂರಿಗೆ ಹರಡುತ್ತದೆ, ಮುಂದಿನ ಬ್ಯಾಚ್‌ಗೆ ಒಬ್ಬನೂ ಬರುವುದಿಲ್ಲ. ಬಿಡದಿಯಲ್ಲಿ ಟೊಯೋಟಾದವರು 2007ರಿಂದ ಹತ್ತನೇ ಕ್ಲಾಸ್ ಮುಗಿಸಿದ ಬಡ ಹಳ್ಳಿ ಮಕ್ಕಳನ್ನು ಅಲ್ಲೇ ಉಳಿಸಿಕೊಂಡು ಮೂರು ವರ್ಷ ಕಲಿಸುತ್ತಿದ್ದಾರೆ. ನಿಮ್ಮ ಕೈಲಿ ಅಷ್ಟು ಆಗುವುದಿಲ್ಲ, ಸರಿ, ಆದರೆ ನಮ್ಮ ಮಕ್ಕಳಿಗೆ ಕಲಿಯಲು ಬರುವುದಿಲ್ಲ ಅನ್ನುವ ಮಾತು ಸುಳ್ಳು ಅಂತ ಅಲ್ಲಿ ಕಾಣುತ್ತದೆ. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ತಡೆಹಿಡಿದ, ಖಾಸಗಿ ಕೆಲಸದಲ್ಲಿ ಸ್ಥಳೀಯರ ಮೀಸಲು ಮಸೂದೆ ನೆನಪಿದೆಯಲ್ಲ, ಮ್ಯಾನೇಜ್‌ಮೆಂಟ್ ಹುದ್ದೆಗೆ ಶೇ. 50, ಉಳಿದದ್ದಕ್ಕೆ ಶೇ. 70 ಅಂತ ಎಲ್ಲರೂ ಜಗಳ ಆಡಿದರು. ಅರ್ಹರು ಸಿಗದಿದ್ದರೆ ಮೂರು ವರ್ಷದೊಳಗೆ ತರಬೇತಿ ಕೊಟ್ಟು ತಯಾರು ಮಾಡಿ ಅನ್ನುವ ಅಂಶವೂ ಅದರಲ್ಲಿತ್ತು, ನನಗೆ ಅದೇ ಮುಖ್ಯ ಅನಿಸಿತ್ತು, ಅದರ ಬಗ್ಗೆ ಮಾತಾಡಿದವರು ಕಡಿಮೆ.

ಹೆಣ್ಣುಮಕ್ಕಳನ್ನೂ ತಗೊಳ್ಳಿ, ಪ್ಯಾಕಿಂಗ್‌ಗೆ ಅಲ್ಲ, ಮೆಷಿನ್‌ಗೆ. ಇದೆಲ್ಲಕ್ಕಿಂತ ಮುಂಚೆ ಬಸ್ ವ್ಯವಸ್ಥೆ ಮಾಡಿ, ಸೆಕೆಂಡ್ ಶಿಫ್ಟ್ ಮುಗಿಸಿ ಮನೆಗೆ ಹೋಗುವುದು ಹೇಗೆ ಅಂತ ಗೊತ್ತಿಲ್ಲದಿದ್ದರೆ ಯಾವ ಅಪ್ಪ ಅಮ್ಮನೂ ಕಳಿಸುವುದಿಲ್ಲ.