ಅಮೆರಿಕದ ದುಡಿಮೆಗಾರರ ಮುಪ್ಪಿನ ಬುತ್ತಿ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ನಿವೃತ್ತ ಶಿಕ್ಷಕ. ಕಳೆದ ವರ್ಷ ಮಗಳ ಮನೆಗೆಂದು ಅಮೆರಿಕದ ಓಹಾಯೊ ರಾಜ್ಯಕ್ಕೆ ಹೋಗಿ ನಾಲ್ಕು ತಿಂಗಳು ಇದ್ದೆ. ಅವರ ಮನೆಯ ಹತ್ತಿರದ ದಿನಸಿ ಅಂಗಡಿಯ ಬಿಲ್ ಕೌಂಟರಿನಲ್ಲಿ ಎಪ್ಪತ್ತೈದರ ಆಸುಪಾಸಿನ ಹಿರಿಯರೊಬ್ಬರು ಗಂಟೆಗಟ್ಟಲೆ ನಿಂತೇ ಕೆಲಸ ಮಾಡುತ್ತಿದ್ದರು. ಮಾತಿಗೆಳೆದಾಗ, ಸಣ್ಣಪುಟ್ಟ ಕಾರ್ಖಾನೆಗಳಲ್ಲಿ ನಲವತ್ತು ವರ್ಷ ದುಡಿದವರೆಂದು ತಿಳಿಯಿತು. ಅಷ್ಟು ಶ್ರೀಮಂತ ದೇಶದಲ್ಲಿ ಇಂಥವರಿಗೆ ಪಿಂಚಣಿ ಇಲ್ಲವೇ, ಅಥವಾ ಅವರೇ ಏನೂ ಉಳಿಸಿಕೊಳ್ಳಲಿಲ್ಲವೇ? — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮನೆಯಲ್ಲಿ ಕೂತು ಬೇಸರವಾಗಿ ಕೆಲಸಕ್ಕೆ ಬರುವ ಹಿರಿಯರೂ ಅಲ್ಲಿದ್ದಾರೆ, ಆದ್ದರಿಂದ ನೀವು ಕಂಡವರ ಬಗ್ಗೆ ನಾನು ತೀರ್ಪು ಕೊಡಲಾರೆ. ಆದರೆ ನಿಮ್ಮ ಪ್ರಶ್ನೆಯ ಎರಡು ಭಾಗಗಳಿಗೂ ಉತ್ತರವಿದೆ. ಪಿಂಚಣಿ ಇದೆ, ಅದೊಂದರಿಂದಲೇ ಸಂಸಾರ ನಡೆಯುವುದು ಕಷ್ಟ. ಇನ್ನು ಉಳಿತಾಯದ ಮಾತಿಗೆ ಬಂದರೆ, ಅಲ್ಲಿ ಒಬ್ಬರ ಬಳಿ ಎಷ್ಟು ಕೂಡಿತು ಎಂಬುದು ಅವರ ಮಿತವ್ಯಯಕ್ಕಿಂತ ಹೆಚ್ಚಾಗಿ ಅವರು ಎಂಥ ಮಾಲೀಕರ ಕೈಕೆಳಗೆ ದುಡಿದರು ಎಂಬುದನ್ನು ಅವಲಂಬಿಸಿದೆ.

ಮೊದಲು ಪಿಂಚಣಿ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1935ರ ಆಗಸ್ಟ್ 14ರಂದು ಸಹಿ ಹಾಕಿದ ಕಾಯ್ದೆಯಿಂದ ಹುಟ್ಟಿದ ಸೋಷಿಯಲ್ ಸೆಕ್ಯುರಿಟಿ ಯೋಜನೆಯಲ್ಲಿ ಇಂದು ಬಹುಪಾಲು ಎಲ್ಲ ನೌಕರರೂ ಸೇರಿದ್ದಾರೆ. ಸಂಬಳದಲ್ಲಿ ಶೇ 6.2 ನೌಕರನಿಂದ ಮುರಿದುಕೊಂಡು, ಅಷ್ಟನ್ನೇ ಮಾಲೀಕನಿಂದಲೂ ಕಟ್ಟಿಸಿಕೊಳ್ಳುತ್ತಾರೆ. ನಿವೃತ್ತಿಯ ವೇಳೆಗೆ ಅತಿ ಹೆಚ್ಚು ಗಳಿಸಿದ 35 ವರ್ಷಗಳ ಸಂಬಳವನ್ನು ತೆಗೆದುಕೊಂಡು ಸೂತ್ರವೊಂದರ ಪ್ರಕಾರ ತಿಂಗಳ ಮೊತ್ತವನ್ನು ನಿಗದಿ ಮಾಡುತ್ತಾರೆ. ಆ ಸೂತ್ರ ಕಡಿಮೆ ಸಂಬಳದವರ ಕಡೆಗೆ ವಾಲಿದೆ. ಸಾಧಾರಣ ಸಂಬಳದವರಿಗೆ ಹಳೆಯ ಗಳಿಕೆಯ ಸುಮಾರು ಶೇ 40ರಷ್ಟು ಕೈಗೆ ಬರುತ್ತದೆ. 2025ರ ಜನವರಿಯಲ್ಲಿ ನಿವೃತ್ತ ನೌಕರರಿಗೆ ಸಿಗುತ್ತಿದ್ದ ಸರಾಸರಿ ಮೊತ್ತ ತಿಂಗಳಿಗೆ 1,976 ಡಾಲರ್. ದಯವಿಟ್ಟು ಇದನ್ನು ರೂಪಾಯಿಗೆ ಗುಣಿಸಿ ಬೆರಗಾಗಬೇಡಿ. ಅಲ್ಲಿನ ಬಾಡಿಗೆ, ಆಸ್ತಿ ತೆರಿಗೆ, ಔಷಧಿ, ಕಾರಿನ ವಿಮೆ ಎಲ್ಲವೂ ಡಾಲರಿನಲ್ಲೇ ಹೋಗುತ್ತವೆ. 65 ತುಂಬಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಇದೆಯಾದರೂ ಅದೂ ಪೂರ್ತಿ ಉಚಿತವಲ್ಲ. ವೈದ್ಯರ ಭೇಟಿಯ ವೆಚ್ಚ ಭರಿಸುವ ಭಾಗಕ್ಕೆ 2025ರಲ್ಲಿ ತಿಂಗಳಿಗೆ 185 ಡಾಲರ್ ಕಂತಿತ್ತು, ಸಾಮಾನ್ಯವಾಗಿ ಅದನ್ನು ಪಿಂಚಣಿಯಿಂದಲೇ ಮುರಿದುಕೊಳ್ಳುತ್ತಾರೆ.

ಹಿಂದೆ ದೊಡ್ಡ ಕಾರ್ಖಾನೆಗಳ ಕಾರ್ಮಿಕರಿಗೆ ಇದರ ಮೇಲೆ ಕಂಪನಿಯ ಪಿಂಚಣಿಯೂ ಇರುತ್ತಿತ್ತು. ಆದರೆ ಅದು ಕಂಪನಿ ಬದುಕಿದ್ದರೆ ಮಾತ್ರ. ಸ್ಟೂಡಿಬೇಕರ್ ಎಂಬ ಕಾರು ಕಂಪನಿ 1963ರ ಡಿಸೆಂಬರಿನಲ್ಲಿ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಕಾರ್ಖಾನೆಗೆ ಬೀಗ ಹಾಕಿದಾಗ ಪಿಂಚಣಿ ನಿಧಿಯಲ್ಲಿ ಸಾಕಷ್ಟು ಹಣವಿರಲಿಲ್ಲ. ಅರವತ್ತು ದಾಟಿದವರಿಗೆ ಪೂರ್ತಿ ಸಿಕ್ಕಿತು. ನಲವತ್ತರಿಂದ ಅರವತ್ತರೊಳಗಿನ, ಪಿಂಚಣಿಯ ಹಕ್ಕು ಗಳಿಸಿದ್ದ ಸುಮಾರು 4,000 ಮಂದಿಗೆ ಬರಬೇಕಿದ್ದ ಪ್ರತಿ ಡಾಲರಿಗೆ 15 ಸೆಂಟಿನಂತೆ ಕೊಟ್ಟು ಕಳಿಸಿದರು. ಕಿರಿಯರಿಗೆ ಏನೂ ಇಲ್ಲ. ಈ ಕಹಿಯೂ ಸೇರಿ 1974ರಲ್ಲಿ ಪಿಂಚಣಿ ರಕ್ಷಣೆಯ ಕಾಯ್ದೆ ಬಂದಿತು, ಮುಳುಗಿದ ಕಂಪನಿಗಳ ಪಿಂಚಣಿಗೆ ವಿಮೆ ಕೊಡುವ ಸರ್ಕಾರಿ ನಿಗಮವೂ ಹುಟ್ಟಿತು. ವಿಚಿತ್ರವೆಂದರೆ, ಪಿಂಚಣಿ ಭದ್ರವಾಗುತ್ತಾ ಬಂದ ಕಾಲದಲ್ಲೇ ಅದನ್ನು ಕೊಡುವ ಕಂಪನಿಗಳು ಕಡಿಮೆಯಾಗುತ್ತಾ ಹೋದವು. 1978ರ ತೆರಿಗೆ ಕಾಯ್ದೆಯಲ್ಲಿ 401ಕೆ ಎಂಬ ಸಣ್ಣ ಉಪಕಲಮೊಂದಿತ್ತು. ಟೆಡ್ ಬೆನ್ನಾ ಎಂಬ ಪಿಂಚಣಿ ಸಲಹೆಗಾರರು ಸುಮಾರು 1980ರಲ್ಲಿ ಅದನ್ನು ಓದಿದ ಹೊಸ ರೀತಿಯಿಂದ ನೌಕರರು ತಮ್ಮ ಸಂಬಳದ ಒಂದು ಪಾಲನ್ನು ತೆರಿಗೆಗೆ ಮುನ್ನವೇ ತೆಗೆದಿಟ್ಟು, ಮಾಲೀಕನೂ ಅದಕ್ಕೊಂದಿಷ್ಟು ಸೇರಿಸುವ ಖಾತೆಗಳು ಶುರುವಾದವು. ಕಂಪನಿಗಳಿಗೆ ಇದು ಅಗ್ಗದ ದಾರಿ. ಪಿಂಚಣಿಯನ್ನು ಸಾಯುವತನಕ ಕೊಡಬೇಕು, ಇಲ್ಲಿ ಆ ತಿಂಗಳ ಪಾಲು ಹಾಕಿದರೆ ಹೊಣೆ ತೀರಿತು. ಇಂದು ಖಾಸಗಿ ನೌಕರರಲ್ಲಿ ಹಳೆಯ ಬಗೆಯ ಪಿಂಚಣಿಯ ಅವಕಾಶವಿರುವವರು ನೂರಕ್ಕೆ ಸುಮಾರು 15 ಮಂದಿ.

ನಮ್ಮ ಭವಿಷ್ಯ ನಿಧಿಯಂತೆಯೇ ಇದು ಎಂದು ನಿಮಗೆ ಅನಿಸಬಹುದು. ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ನಮ್ಮ ಪಿಎಫ್‌ನಲ್ಲಿ ಕಾಯ್ದೆಯ ವ್ಯಾಪ್ತಿಗೆ ಬಂದ ಕಂಪನಿಗೆ ಆಯ್ಕೆಯಿಲ್ಲ, ಬಡ್ಡಿದರವೂ ವರ್ಷಕ್ಕೊಮ್ಮೆ ಘೋಷಣೆಯಾಗುತ್ತದೆ. 401ಕೆ ಖಾತೆಯನ್ನು ಮಾಲೀಕ ಕೊಡಲೇಬೇಕೆಂಬ ರಾಷ್ಟ್ರೀಯ ಕಾನೂನಿಲ್ಲ. ಕೊಟ್ಟರೂ ಎಷ್ಟು ಹಾಕುವುದು, ಯಾವ ಫಂಡಿನಲ್ಲಿ ಹಾಕುವುದು ಎಂಬ ತಲೆನೋವು, ಷೇರುಪೇಟೆ ಬಿದ್ದರೆ ನಷ್ಟ, ಎಲ್ಲವೂ ನೌಕರನ ಪಾಲಿಗೆ. 2023ರ ಸರ್ಕಾರಿ ಅಂಕಿಅಂಶಗಳ ಪ್ರಕಾರ ಖಾಸಗಿ ನೌಕರರಲ್ಲಿ ಸುಮಾರು ಶೇ 70 ಮಂದಿಗೆ ಯಾವುದಾದರೊಂದು ನಿವೃತ್ತಿ ಯೋಜನೆಯ ಅವಕಾಶವಿತ್ತು, ಒಟ್ಟು ಖಾಸಗಿ ನೌಕರರಲ್ಲಿ ಅಂಥ ಯೋಜನೆಯಲ್ಲಿ ತೊಡಗಿದ್ದವರು ಅರ್ಧಕ್ಕಿಂತ ತುಸು ಹೆಚ್ಚು. ಉಳಿದವರು ಯಾರೆಂದರೆ ಹೋಟೆಲಿನ ಅಡುಗೆಮನೆಯವರು, ಶುಚಿತ್ವದ ಕೆಲಸದವರು, ಸಣ್ಣ ವರ್ಕ್‌ಶಾಪಿನವರು, ಅರೆಕಾಲಿಕರು. ಯಾರು ಬೇಕಾದರೂ ಬ್ಯಾಂಕಿನಲ್ಲೋ ಬ್ರೋಕರ್ ಬಳಿಯೋ ಸ್ವಂತ ನಿವೃತ್ತಿ ಖಾತೆ ತೆರೆಯಬಹುದು ನಿಜ, ಆದರೆ ಸಂಬಳ ಕೈಗೆ ಬಂದ ಮೇಲೆ ತಾನಾಗಿ ಹೋಗಿ ಕಟ್ಟಿಬರುವವರು ಎಲ್ಲ ದೇಶಗಳಲ್ಲೂ ವಿರಳ.

ನೀವು ಶಿಕ್ಷಕರಾದ್ದರಿಂದ ಒಂದು ಮಾತು. ಅದೇ ಓಹಾಯೊದಲ್ಲಿ ಆ ಹಿರಿಯರು ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದ್ದರೆ ಕಥೆಯೇ ಬೇರೆ. ಅಲ್ಲಿನ ಶಿಕ್ಷಕರು ಸೋಷಿಯಲ್ ಸೆಕ್ಯುರಿಟಿಯ ಹೊರಗಿದ್ದು, ರಾಜ್ಯದ್ದೇ ಆದ ಶಿಕ್ಷಕರ ಪಿಂಚಣಿ ವ್ಯವಸ್ಥೆಯಲ್ಲಿದ್ದಾರೆ. ನಮ್ಮಲ್ಲೂ 2006ರ ಏಪ್ರಿಲ್‌ಗೆ ಮುನ್ನ ರಾಜ್ಯ ಸರ್ಕಾರದ ನೌಕರಿಗೆ ಸೇರಿದವರಿಗೂ ಆಮೇಲೆ ಎನ್‌ಪಿಎಸ್‌ಗೆ ಒಳಪಟ್ಟವರಿಗೂ ಇರುವ ಅಂತರ ನಿಮಗೆ ಗೊತ್ತೇ ಇದೆ.

ಪ್ರಶ್ನೆ: ಅಮೆರಿಕದ ಕುಟುಂಬಗಳ ನಿವೃತ್ತಿ ಖಾತೆಯಲ್ಲಿ ಸರಾಸರಿ ಮೂರು ಲಕ್ಷ ಡಾಲರಿಗೂ ಹೆಚ್ಚು ಹಣವಿದೆ ಎಂದು ಓದಿದೆ. ಹಾಗಿದ್ದ ಮೇಲೆ ಅವರಿಗೆ ಸಿದ್ಧತೆ ಸಾಲದು ಎನ್ನುವುದು ಅತಿಶಯೋಕ್ತಿಯಲ್ಲವೇ? — ವಾಣಿಜ್ಯ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಮೂರು ವರ್ಷಕ್ಕೊಮ್ಮೆ ನಡೆಸುವ ಕುಟುಂಬಗಳ ಹಣಕಾಸು ಸಮೀಕ್ಷೆಯಲ್ಲಿ, 2022ರಲ್ಲಿ ನಿವೃತ್ತಿ ಖಾತೆ ಇದ್ದ ಕುಟುಂಬಗಳ ಸರಾಸರಿ ಸುಮಾರು 3,34,000 ಡಾಲರ್. ಆದರೆ ಅದೇ ಕುಟುಂಬಗಳ ಮಧ್ಯಾಂಕ, ಅಂದರೆ ಎಲ್ಲರನ್ನೂ ಕ್ರಮವಾಗಿ ನಿಲ್ಲಿಸಿದರೆ ನಟ್ಟನಡುವಿನ ಕುಟುಂಬದ ಮೊತ್ತ, 87,000 ಡಾಲರ್. ಸರಾಸರಿಗೂ ಮಧ್ಯಾಂಕಕ್ಕೂ ಇಷ್ಟು ಅಂತರವಿದ್ದರೆ ಅದರ ಅರ್ಥವೇನೆಂದು ನಿಮಗೆ ತರಗತಿಯಲ್ಲಿ ಹೇಳಿಕೊಟ್ಟಿರುತ್ತಾರೆ: ಮೇಲ್ತುದಿಯ ಕೆಲವರ ದೊಡ್ಡ ಮೊತ್ತಗಳು ಇಡೀ ಸರಾಸರಿಯನ್ನು ಎತ್ತಿ ಹಿಡಿದಿವೆ.

ಇನ್ನೊಂದು ಸೂಕ್ಷ್ಮವಿದೆ, ಪತ್ರಿಕೆಗಳು ಅದನ್ನು ಬಿಟ್ಟುಬಿಡುತ್ತವೆ. ಈ ಎರಡೂ ಸಂಖ್ಯೆಗಳು ಖಾತೆ ಇರುವವರದ್ದು ಮಾತ್ರ. ಖಾತೆ ಇದ್ದದ್ದು ನೂರಕ್ಕೆ ಸುಮಾರು 54 ಕುಟುಂಬಗಳಿಗೆ. ನೂರು ಕುಟುಂಬಗಳನ್ನು ಉಳಿತಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಿರಿ ಎಂದುಕೊಳ್ಳಿ. ಮೊದಲ 46 ಕುಟುಂಬಗಳ ಮುಂದೆ ಸೊನ್ನೆ. ಸಾಲಿನ ನಟ್ಟನಡುವಿನ 50ನೆಯ ಕುಟುಂಬ ಖಾತೆ ಇರುವವರಲ್ಲೆಲ್ಲ ಅತಿ ಕಡಿಮೆ ಹಣದವರ ಪೈಕಿ ನಾಲ್ಕನೆಯದು! ನಿಜವಾದ ‘ಸಾಮಾನ್ಯ ಕುಟುಂಬ’ ನಿಂತಿರುವುದು ಅಲ್ಲಿ. ಆ ಸಾಲಿನಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿದ ಇಪ್ಪತ್ತೈದರ ಹುಡುಗರೂ ಇದ್ದಾರೆ ಎಂದು ನೀವು ಆಕ್ಷೇಪಿಸಬಹುದು, ಅದು ನ್ಯಾಯವಾದ ಆಕ್ಷೇಪ. ಹಾಗಾದರೆ 55ರಿಂದ 64ರ ವಯೋಮಾನವನ್ನೇ ನೋಡೋಣ. ಅಲ್ಲೂ ಹತ್ತರಲ್ಲಿ ಸುಮಾರು ನಾಲ್ಕು ಕುಟುಂಬಗಳಿಗೆ ಖಾತೆಯಿಲ್ಲ. ಇದ್ದವರ ಮಧ್ಯಾಂಕ 1,85,000 ಡಾಲರ್.

ಈ 1,85,000 ಎಷ್ಟು ಕಾಲ ಬಂದೀತು? ಮೊದಲ ವರ್ಷ ಶೇ 4ರಷ್ಟು ತೆಗೆದು, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತಾ ಹೋದರೆ ಗಂಟು ಸುಮಾರು ಮೂವತ್ತು ವರ್ಷ ಬಾಳುತ್ತದೆಂದು ವಿಲಿಯಂ ಬೆಂಗನ್ ಎಂಬ ಹಣಕಾಸು ಸಲಹೆಗಾರರು 1994ರಲ್ಲಿ ಲೆಕ್ಕ ಹಾಕಿ ತೋರಿಸಿದರು, ಇಂದಿಗೂ ಅಲ್ಲಿ ಅದೇ ರೂಢಿಯ ಅಳತೆ. ಆ ಪ್ರಕಾರ ವರ್ಷಕ್ಕೆ 7,400, ಅಂದರೆ ತಿಂಗಳಿಗೆ 620 ಡಾಲರಿಗಿಂತ ತುಸು ಕಡಿಮೆ. ಅದೂ ಒಬ್ಬರಿಗಲ್ಲ, ಕುಟುಂಬಕ್ಕೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗಲಾರದು. ಸ್ವಂತ ಮನೆ ಇದ್ದು ಸಾಲ ತೀರಿದ್ದರೆ ಸೋಷಿಯಲ್ ಸೆಕ್ಯುರಿಟಿಯೊಂದಿಗೆ ಇದು ಸೇರಿ ಹೇಗೋ ನಡೆಯುತ್ತದೆ, ಅಲ್ಲಿನ ಬಹುಪಾಲು ಹಿರಿಯರಿಗೆ ಸ್ವಂತ ಮನೆ ಇದೆ ಎಂಬುದನ್ನೂ ಮರೆಯಬಾರದು. ನಿಜವಾದ ಅಪಾಯ ಬಾಡಿಗೆಯಲ್ಲಿರುವವರಿಗೆ ಮತ್ತು ದೀರ್ಘಕಾಲ ಆರೈಕೆ ಬೇಕಾದವರಿಗೆ. ನರ್ಸಿಂಗ್ ಹೋಮಿನಲ್ಲಿ ವರ್ಷಗಟ್ಟಲೆ ಇರಬೇಕಾದರೆ ವರ್ಷಕ್ಕೆ ಒಂದು ಲಕ್ಷ ಡಾಲರಿನ ಆಸುಪಾಸು ಖರ್ಚು; ಮೆಡಿಕೇರ್ ಅದನ್ನು ಕೊಡುವುದಿಲ್ಲ, ಬಡವರ ಯೋಜನೆಯಾದ ಮೆಡಿಕೇಡ್ ಕೊಡುತ್ತದೆ, ಆದರೆ ಕೈಯಲ್ಲಿದ್ದದ್ದು ಬಹುತೇಕ ಕರಗಿದ ಮೇಲೆ.

ಗಂಟು ಸಣ್ಣದಾಗಿರಲು ಕಡಿಮೆ ಸಂಬಳವೊಂದೇ ಕಾರಣವಲ್ಲ. ಕೆಲಸ ಬದಲಿಸಿದಾಗಲೆಲ್ಲ ಹಳೆಯ ಖಾತೆ ಮುರಿದು ಹಣ ಬಿಡಿಸಿಕೊಳ್ಳುವವರು ಬಹಳ. ಐವತ್ತೊಂಬತ್ತೂವರೆ ವಯಸ್ಸಿಗೆ ಮುನ್ನ ತೆಗೆದರೆ ತೆರಿಗೆಯ ಜೊತೆಗೆ ಸಾಮಾನ್ಯವಾಗಿ ಶೇ 10 ದಂಡವಿದ್ದರೂ ಬಾಡಿಗೆ ಕಟ್ಟಬೇಕಾದವರು ದಂಡಕ್ಕೆ ಹೆದರುವುದಿಲ್ಲ. ಖಾತೆಯಲ್ಲಿ 1,000 ಡಾಲರಿಗಿಂತ ಕಡಿಮೆ ಇದ್ದರಂತೂ ಕಂಪನಿಯೇ ಚೆಕ್ ಬರೆದು ಕಳಿಸಿ ಕೈತೊಳೆದುಕೊಳ್ಳಬಹುದು. 2022ರ ಕೊನೆಯಲ್ಲಿ ಬಂದ ಕಾಯ್ದೆಯೊಂದರ ಪ್ರಕಾರ, ಆಮೇಲೆ ಶುರುವಾದ ಹೊಸ 401ಕೆ ಯೋಜನೆಗಳು 2025ರಿಂದ ನೌಕರರನ್ನು ತಾವಾಗಿಯೇ ಸೇರಿಸಿಕೊಂಡು ಸಂಬಳದ ಕನಿಷ್ಠ ಶೇ 3 ಮುರಿಯಬೇಕು, ಬೇಡವೆನ್ನುವವರು ಹೊರಬರಬಹುದು. ಆದರೆ ಹತ್ತು ಮಂದಿಯೊಳಗಿನ ಸಣ್ಣ ಸಂಸ್ಥೆಗಳಿಗೆ ವಿನಾಯಿತಿ ಇದೆ, ಯೋಜನೆಯನ್ನೇ ತೆರೆಯದ ಮಾಲೀಕನನ್ನು ಈ ಕಾಯ್ದೆ ಮುಟ್ಟುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಒರೆಗನ್ ರಾಜ್ಯ 2017ರಲ್ಲಿ ಹಿಡಿದ ದಾರಿ ಹೆಚ್ಚು ಸರಿ: ಯೋಜನೆ ಇಲ್ಲದ ಕಂಪನಿಗಳ ನೌಕರರನ್ನು ರಾಜ್ಯವೇ ನಡೆಸುವ ಖಾತೆಗೆ ಸೇರಿಸುವುದು. ಕ್ಯಾಲಿಫೋರ್ನಿಯಾ, ಇಲಿನಾಯ್ ಮುಂತಾದ ರಾಜ್ಯಗಳಲ್ಲೂ ಇಂಥ ಯೋಜನೆಗಳಿವೆ.

ಪ್ರಶ್ನೆ: ಅಲ್ಲಿ ನಿವೃತ್ತಿ ವಯಸ್ಸು ಎಷ್ಟು? ಸೋಷಿಯಲ್ ಸೆಕ್ಯುರಿಟಿ 2033ಕ್ಕೆ ದಿವಾಳಿಯಾಗುತ್ತದೆ ಎಂಬುದು ನಿಜವೇ? — ಮೈಸೂರು

ಉತ್ತರ: ಪೂರ್ಣ ಮೊತ್ತ ಸಿಗುವ ವಯಸ್ಸು ಮೊದಲು 65 ಇತ್ತು, 1983ರ ತಿದ್ದುಪಡಿಯಿಂದ ಮೆಲ್ಲಗೆ ಏರಿ, 1960 ಮತ್ತು ಆಮೇಲೆ ಹುಟ್ಟಿದವರಿಗೆ 67 ಆಗಿದೆ. ಆದರೆ 62ಕ್ಕೇ ಕೇಳಿ ಪಡೆಯಬಹುದು. 67ಕ್ಕೆ 1,000 ಡಾಲರ್ ಸಿಗಬೇಕಾದವರಿಗೆ 62ಕ್ಕೆ 700, 70ರವರೆಗೆ ಕಾದರೆ 1,240, ಅದೂ ಬದುಕಿರುವಷ್ಟು ಕಾಲ. ಕಾಯುವುದು ಲಾಭವೆಂದು ಅನೇಕ ಸಲಹೆಗಾರರು ಹೇಳುತ್ತಾರೆ, ಆದರೆ ಕಾಯುವುದಕ್ಕೂ ಅನುಕೂಲ ಬೇಕು. 65ರವರೆಗೆ ದುಡಿಯುತ್ತೇವೆಂದು ನೌಕರರು ಹೇಳುವುದು, ಕೊನೆಗೆ 62ರ ಸುಮಾರಿಗೇ ನಿಲ್ಲಿಸಬೇಕಾಗುವುದು ಅಲ್ಲಿನ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಕಾರಣ ಕಾಯಿಲೆ, ಕೆಲಸ ಹೋಗುವುದು, ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳಬೇಕಾಗುವುದು. ಅರವತ್ತೊಂದಕ್ಕೆ ಕೆಲಸ ಕಳೆದುಕೊಂಡವರಿಗೆ ಕಂಪನಿಯ ಆರೋಗ್ಯ ವಿಮೆಯೂ ಹೋಗುತ್ತದೆ, ಮೆಡಿಕೇರ್‌ಗೆ ಇನ್ನೂ ನಾಲ್ಕು ವರ್ಷ.

ದಿವಾಳಿ ಎಂಬ ಪದ ತಪ್ಪು. ಇಂದಿನ ದುಡಿಮೆಗಾರರು ಕಟ್ಟಿದ ಹಣದಿಂದಲೇ ಇಂದಿನ ನಿವೃತ್ತರಿಗೆ ಕೊಡುವುದು ಈ ಯೋಜನೆಯ ರೀತಿ. ತಿಂಗಳ ಪಿಂಚಣಿಯ ಮೊಟ್ಟಮೊದಲ ಚೆಕ್ ಪಡೆದವರು ವರ್ಮಾಂಟ್ ರಾಜ್ಯದ ಐಡಾ ಮೇ ಫುಲ್ಲರ್, 1940ರ ಜನವರಿಯಲ್ಲಿ, 22 ಡಾಲರ್ 54 ಸೆಂಟ್. ಅವರು ಅದುವರೆಗೆ ಕಟ್ಟಿದ್ದು ಒಟ್ಟು 24 ಡಾಲರ್ 75 ಸೆಂಟ್. ನೂರು ವರ್ಷ ಬಾಳಿ ಪಡೆದದ್ದು 22,000 ಡಾಲರಿಗೂ ಹೆಚ್ಚು. ಆಗ ಕಟ್ಟುವವರು ಬಹಳ, ಪಡೆಯುವವರು ಕೆಲವರು. ಈಗ ಯುದ್ಧಾನಂತರದ ದೊಡ್ಡ ಪೀಳಿಗೆ ನಿವೃತ್ತವಾಗುತ್ತಿದ್ದು, ಕೂಡಿಟ್ಟ ನಿಧಿ ಕರಗುತ್ತಿದೆ. ಯೋಜನೆಯ ಟ್ರಸ್ಟಿಗಳ 2025ರ ವರದಿಯ ಪ್ರಕಾರ ನಿವೃತ್ತರ ನಿಧಿ 2033ಕ್ಕೆ ಬರಿದಾಗುತ್ತದೆ, ಆಮೇಲೂ ಬರುತ್ತಿರುವ ತೆರಿಗೆಯಿಂದ ಶೇ 77ರಷ್ಟು ಕೊಡಲು ಸಾಧ್ಯ. ಸಂಸತ್ತು ಏನಾದರೂ ಮಾಡಿಯೇ ಮಾಡುತ್ತದೆಂದು ನನ್ನ ಎಣಿಕೆ. ಆದರೆ ಶೇ 23ರ ಕಡಿತವೊಮ್ಮೆ ಬಂದರೆ, ಅದರ ಪೆಟ್ಟು ಬೀಳುವುದು ಬೇರೆ ಆದಾಯವೇ ಇಲ್ಲದವರ ಮೇಲೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಎಚ್-1ಬಿ ವೀಸಾದ ಮೇಲೆ ಏಳು ವರ್ಷದಿಂದ ಕೆಲಸದಲ್ಲಿದ್ದೇನೆ. ಬೆಂಗಳೂರಿಗೆ ಮರಳಿದರೆ ನಾನು ಕಟ್ಟಿದ ಸೋಷಿಯಲ್ ಸೆಕ್ಯುರಿಟಿ ಹಣದ ಗತಿ ಏನು?

ಉತ್ತರ: ಪಿಂಚಣಿಯ ಹಕ್ಕಿಗೆ 40 ಅಂಕ, ಅಂದರೆ ವರ್ಷಕ್ಕೆ ಹೆಚ್ಚೆಂದರೆ ನಾಲ್ಕರಂತೆ ಹತ್ತು ವರ್ಷದ ದುಡಿಮೆ ಬೇಕು. ನಿಮ್ಮ ಬಳಿ 28 ಇರಬಹುದು. ಅಮೆರಿಕ ಹಲವು ದೇಶಗಳೊಂದಿಗೆ ಎರಡೂ ಕಡೆಯ ಸೇವಾವಧಿಯನ್ನು ಕೂಡಿಸುವ ಒಪ್ಪಂದ ಮಾಡಿಕೊಂಡಿದೆ, ಭಾರತದೊಂದಿಗೆ ಅಂಥ ಒಪ್ಪಂದವಿಲ್ಲ. ಆದ್ದರಿಂದ ಈಗ ಮರಳಿದರೆ ಪಿಂಚಣಿಯಿಲ್ಲ, ಕಟ್ಟಿದ್ದನ್ನು ವಾಪಸು ಕೇಳುವಂತೆಯೂ ಇಲ್ಲ; ಅಂಕಗಳು ಮಾತ್ರ ನಿಮ್ಮ ಹೆಸರಿನಲ್ಲಿ ಉಳಿಯುತ್ತವೆ, ಮುಂದೆಂದಾದರೂ ಅಲ್ಲಿ ದುಡಿದರೆ ಹೊಸ ಅಂಕಗಳು ಅವಕ್ಕೇ ಸೇರುತ್ತವೆ. 401ಕೆ ಹಣ ಹಾಗಲ್ಲ. ನೀವು ಹಾಕಿದ್ದು ಪೂರ್ತಿ ನಿಮ್ಮದೇ, ಕಂಪನಿ ಸೇರಿಸಿದ್ದರಲ್ಲಿ ಎಷ್ಟು ನಿಮ್ಮದಾಗಿದೆ ಎಂಬುದು ಸೇವಾವಧಿಯ ಮೇಲೆ ನಿಂತಿರುತ್ತದೆ. ಅದರ ಪೂರ್ಣ ಹಕ್ಕು ಸಿಗಲು ಕೆಲವೇ ತಿಂಗಳು ಬಾಕಿ ಇದ್ದರೆ ರಾಜೀನಾಮೆಯ ದಿನವನ್ನು ಆ ಲೆಕ್ಕ ನೋಡಿಯೇ ಗೊತ್ತುಮಾಡಿಕೊಳ್ಳಿ. ಹೊರಡುವ ಮುನ್ನ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಆನ್‌ಲೈನ್ ಖಾತೆಯಿಂದ ನಿಮ್ಮ ಗಳಿಕೆಯ ವಿವರಪಟ್ಟಿಯನ್ನು ಇಳಿಸಿಕೊಂಡು, ಏಳೂ ವರ್ಷದ ಸಂಬಳ ಸರಿಯಾಗಿ ದಾಖಲಾಗಿದೆಯೇ ಎಂದು ತಾಳೆ ನೋಡಿ. ಅಮೆರಿಕದ ಮೊಬೈಲ್ ಸಂಖ್ಯೆ ನಿಂತುಹೋದ ಮೇಲೆ ಆ ಖಾತೆಗೆ ಪ್ರವೇಶಿಸುವುದೇ ದೊಡ್ಡ ಪಾಡಾಗಬಹುದು.