ಕೊಲೋಸಿಯಂನ ಆ ಅರ್ಧ ಎಲ್ಲಿ ಹೋಯಿತು?

ಪ್ರಶ್ನೆ: ರೋಮ್‌ನ ಕೊಲೋಸಿಯಂ ಫೋಟೋ ನೋಡಿದಾಗಲೆಲ್ಲ ಒಂದು ಅನುಮಾನ ಬರುತ್ತದೆ. ಹೊರಗೋಡೆ ಒಂದು ಕಡೆ ನಾಲ್ಕು ಅಂತಸ್ತು ನೆಟ್ಟಗೆ ನಿಂತಿದೆ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಯುದ್ಧದಲ್ಲಿ ಬಿತ್ತಾ? ಗೋಡೆ ತುಂಬ ತೂತುಗಳಿವೆಯಲ್ಲ, ಅವು ಗುಂಡೇಟಿನ ಗುರುತಾ?

ಉತ್ತರ: ಯುದ್ಧವೂ ಅಲ್ಲ, ಗುಂಡೂ ಅಲ್ಲ. ಕೆಡವಿದ್ದು ಭೂಕಂಪ, ಬಿದ್ದದ್ದನ್ನು ಹೊತ್ತೊಯ್ದಿದ್ದು ಅದೇ ಊರಿನವರು.

ಕೊಲೋಸಿಯಂ ಅಂದರೆ ಜನ ಸುತ್ತ ಕೂತು ಕಾಳಗದ ಆಟ ನೋಡುತ್ತಿದ್ದ ಅಖಾಡ. ಕ್ರಿ.ಶ. 80ರಲ್ಲಿ ಟೈಟಸ್ ದೊರೆ ಇದನ್ನು ಉದ್ಘಾಟಿಸಿದ. 217ರಲ್ಲಿ ಸಿಡಿಲು ಬಡಿದು ಮೇಲಿನ ಮರದ ಭಾಗವೆಲ್ಲ ಸುಟ್ಟುಹೋಯಿತು, ರಿಪೇರಿಗೆ ವರ್ಷಗಳೇ ಹಿಡಿದವು. ಆಮೇಲೂ ಭೂಕಂಪಗಳು ಬಂದವು. ಆಟಗಳು ನಡೆಯುತ್ತಿದ್ದಷ್ಟು ಕಾಲ ಯಾರಾದರೂ ದುಡ್ಡು ಹಾಕಿ ಸರಿಪಡಿಸುತ್ತಿದ್ದರು, ಆಟ ನಿಂತ ಮೇಲೆ ಯಾರಿಗೆ ಬೇಕು ಹೇಳಿ?

ದೊಡ್ಡ ಪೆಟ್ಟು ಬಿದ್ದಿದ್ದು 1349ರಲ್ಲಿ. ಆ ಭೂಕಂಪಕ್ಕೆ ದಕ್ಷಿಣ ಭಾಗದ ಹೊರಗೋಡೆ ಕುಸಿಯಿತು. ಅದೇ ಭಾಗ ಯಾಕೆ ಅಂದರೆ, ಉತ್ತರದ ಕಡೆ ನೆಲ ಗಟ್ಟಿ, ದಕ್ಷಿಣದ ಕಡೆ ಹಿಂದೆ ನೀರು ತಂದು ತುಂಬಿದ ಸಡಿಲ ಮಣ್ಣು. ಇಡೀ ಕಟ್ಟಡ ಕೂತಿರುವುದೇ ನೀರೋ ದೊರೆಯ ಕೆರೆ ಇದ್ದ ತಗ್ಗಿನಲ್ಲಿ. ಅಡಿಯಲ್ಲಿ ಭಾರಿ ದಪ್ಪದ ಕಾಂಕ್ರೀಟ್ ಬುನಾದಿ ಹಾಕಿರದಿದ್ದರೆ ಉತ್ತರದ ಗೋಡೆಯೂ ಇಷ್ಟು ದಿನ ಬಾಳುತ್ತಿರಲಿಲ್ಲ. ಹೊರಸುತ್ತಿನಲ್ಲಿ ಮೊದಲು 80 ಕಮಾನುಗಳಿದ್ದವು, ಮೂಲ ರೂಪದಲ್ಲಿ ಈಗ ಇರುವುದು 31.

ಬಿದ್ದ ಕಲ್ಲು ರಾಶಿರಾಶಿ. ಅರಮನೆಗೆ, ಚರ್ಚಿಗೆ, ಆಸ್ಪತ್ರೆಗೆ ಅಂತ ಶತಮಾನಗಟ್ಟಲೆ ಅಲ್ಲಿಂದಲೇ ಸಾಗಿಸಿದರು. 1452ರಲ್ಲಿ ಒಬ್ಬನೇ ಗುತ್ತಿಗೆದಾರ 2,500ಕ್ಕೂ ಹೆಚ್ಚು ಗಾಡಿ ಕಲ್ಲು ಹೊರಸಾಗಿಸಿದ ಲೆಕ್ಕ ಇದೆ. ಅಮೃತಶಿಲೆಯ ಗತಿ ಇನ್ನೂ ಕೆಟ್ಟದ್ದು, ಸುಟ್ಟು ಸುಣ್ಣ ಮಾಡಿದರು! ಇನ್ನು ನೀವು ಕೇಳಿದ ತೂತುಗಳು. ರೋಮನ್ನರು ಕಲ್ಲಿಗೆ ಕಲ್ಲು ಜೋಡಿಸಲು ಗಾರೆ ಹಾಕಲಿಲ್ಲ, ಕಬ್ಬಿಣದ ಕೊಂಡಿ ಹಾಕಿ ಸೀಸ ಎರೆದು ಬಿಗಿ ಮಾಡಿದ್ದರು. ಆಮೇಲಿನವರು ಆ ಕಬ್ಬಿಣ, ಸೀಸದ ಆಸೆಗೆ ಕಲ್ಲನ್ನೇ ಕೊರೆದರು. ಕೊಂಡಿ ಕಿತ್ತ ಮೇಲೂ ಗೋಡೆ ನಿಂತಿದೆ ನೋಡಿ, ಕಲ್ಲಿನ ತೂಕ ಮತ್ತು ಕಮಾನಿನ ಲೆಕ್ಕಾಚಾರ ಅಷ್ಟು ಪಕ್ಕಾ.

ಹಾಗಾದರೆ ಪೂರ್ತಿ ಯಾಕೆ ಖಾಲಿಯಾಗಲಿಲ್ಲ? ಉಪಯೋಗಕ್ಕೆ ಬರುತ್ತಿತ್ತು, ಅದಕ್ಕೆ. ಅದರೊಳಗೆ ಜನ ಮನೆ ಮಾಡಿಕೊಂಡಿದ್ದರು, ಫ್ರಾಂಜಿಪಾನೆ ಅನ್ನುವ ಮನೆತನದವರು ಅದನ್ನೇ ಕೋಟೆ ಮಾಡಿಕೊಂಡಿದ್ದರು. 18ನೇ ಶತಮಾನದ ನಡುವಿನಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಇದು ಕ್ರೈಸ್ತ ಹುತಾತ್ಮರ ರಕ್ತ ಬಿದ್ದ ಪವಿತ್ರ ಜಾಗ ಅಂತ ಘೋಷಿಸಿದ ಮೇಲೆ ಕಲ್ಲು ಹೊರುವುದು ನಿಂತಿತು. ಹುತಾತ್ಮರು ಅಲ್ಲೇ ಸತ್ತರು ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿಲ್ಲ, ಆದರೆ ಕಟ್ಟಡ ಉಳಿಯಿತಲ್ಲ, ಸಾಕು.

ಹೊರಗೋಡೆ ಮುರಿದು ನಿಂತ ಪೂರ್ವದ ತುದಿಗೆ 1806-07ರಲ್ಲಿ ರಫೇಲೆ ಸ್ಟರ್ನ್ ಅನ್ನುವ ವಾಸ್ತುಶಿಲ್ಪಿ ಇಟ್ಟಿಗೆಯ ದೊಡ್ಡ ಆಸರೆ ಗೋಡೆ ಕಟ್ಟಿದ. ಜಾರುತ್ತಿದ್ದ ಕಮಾನಿನ ಕಲ್ಲುಗಳನ್ನು ಸರಿಪಡಿಸಲು ಹೋಗಲಿಲ್ಲ, ಜಾರಿದ ಸ್ಥಿತಿಯಲ್ಲೇ ಇಟ್ಟಿಗೆ ತುಂಬಿ ಹಿಡಿದು ನಿಲ್ಲಿಸಿದ. 1820ರ ದಶಕದಲ್ಲಿ ಇನ್ನೊಂದು ತುದಿಗೆ ವಲಾದಿಯರ್ ಅನ್ನುವ ವಾಸ್ತುಶಿಲ್ಪಿ ಹಳೆಯ ಕಮಾನುಗಳ ಆಕಾರವನ್ನೇ ಇಟ್ಟಿಗೆಯಲ್ಲಿ ಮುಂದುವರಿಸಿದ. ಅದು ನೋಡಲು ಚೆಂದ, ನಿಜ. ನನಗೆ ಮಾತ್ರ ಸ್ಟರ್ನ್ ಮಾಡಿದ್ದೇ ಜಾಸ್ತಿ ಇಷ್ಟ, ಏಟು ಎಲ್ಲಿ ಬಿದ್ದಿತ್ತು ಅಂತ ಮುಚ್ಚಿಡದೆ ತೋರಿಸುತ್ತದೆ.

ಪ್ರಶ್ನೆ: ಬೇರೆ ಊರಿನ ರೋಮನ್ ಅಖಾಡಗಳ ಕಥೆಯೂ ಇದೇನಾ?

ಉತ್ತರ: ಸುಮಾರಾಗಿ. ಇಟಲಿಯದೇ ವೆರೋನಾ ಊರಿನ ಅಖಾಡದ ಹೊರಸುತ್ತು 1117ರ ಭೂಕಂಪಕ್ಕೆ ಹೋಯಿತು, ಈಗ ನಾಲ್ಕು ಕಮಾನಿನ ಒಂದು ತುಂಡು ಮಾತ್ರ ನಿಂತಿದೆ. ಒಳಗಿನ ಭಾಗ ಗಟ್ಟಿಯಾಗಿದೆ, 1913ರಿಂದ ಅಲ್ಲಿ ಒಪೆರಾ ನಡೆಯುತ್ತಿದೆ. ಫ್ರಾನ್ಸಿನ ಆರ್ಲ್‌ನಲ್ಲಂತೂ ಅಖಾಡವೇ ಒಂದು ಊರಾಗಿತ್ತು. ಒಳಗೆ ಸುಮಾರು 200 ಮನೆ, ಎರಡು ಚಿಕ್ಕ ಚರ್ಚು, ಕಾವಲಿಗೆ ಗೋಪುರಗಳು. 1820ರ ದಶಕದಲ್ಲಿ ಮನೆಗಳನ್ನು ತೆರವು ಮಾಡಿದರು, ಕೆಲವು ಗೋಪುರಗಳನ್ನು ಹಾಗೇ ಬಿಟ್ಟರು.